ತಂಡದ ಮುಖ್ಯ ಆಟಗಾರನಿಗೆ ದೊಡ್ಡ ಗಾಯವಾದರೆ ಉಳಿದವರು ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿ ಸಂಕಟವಾಯಿತು. ನಿಮ್ಮ ಫುಟ್‌ಬಾಲ್ ತಂಡದ ಇಡೀ ಆಟ ನಡೆಸುತ್ತಿದ್ದ ಮಿಡ್‌ಫೀಲ್ಡರ್‌ಗೆ, ಅಂದರೆ ಮೈದಾನದ ಮಧ್ಯದಲ್ಲಿ ಆಡುವವನಿಗೆ, ಮೊಣಕಾಲಿನೊಳಗಿನ ಎಸಿಎಲ್ ಅನ್ನೋ ಮುಖ್ಯ ಕಟ್ಟು (ಲಿಗಮೆಂಟ್) ಹರಿದಿದೆ. ಸೀಸನ್ ಇನ್ನೂ ಅರ್ಧ ಬಾಕಿ ಇದೆ. ಅವನಿಲ್ಲದೆ ಆಡಿದ ಎರಡೂ ಮ್ಯಾಚ್ ಸೋತಿದ್ದೀರಿ. ಈಗ ಕೋಚ್ ನಿಮ್ಮ ಒಳ್ಳೆಯ ಸ್ಟಾಪರ್‌ನನ್ನೇ, ಅಂದರೆ ಹಿಂದೆ ಮಧ್ಯದಲ್ಲಿ ನಿಲ್ಲುವ ಡಿಫೆಂಡರ್‌ನನ್ನೇ, ಮುಂದಕ್ಕೆ ತಂದು ಆ ಜಾಗದಲ್ಲಿ ಆಡಿಸೋಣ ಅನ್ನುತ್ತಿದ್ದಾರೆ, ಕ್ಯಾಪ್ಟನ್ ಆಗಿ ನಾನೇನು ಮಾಡಲಿ ಅಂತ ಕೇಳಿದ್ದೀರಿ. ನಾನು ತುಂಬಾ ವರ್ಷ ಡಿಫೆನ್ಸ್‌ನಲ್ಲಿ ಆಡಿದವನು, ಈಗ ಹುಡುಗರಿಗೆ ಕೋಚಿಂಗ್ ಮಾಡುತ್ತೇನೆ. ಇಂಥ ಸೀಸನ್‌ಗಳನ್ನು ಒಳಗಿದ್ದೇ ನೋಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಸ್ಟಾಪರ್‌ನನ್ನು ಅವನ ಜಾಗದಿಂದ ಕದಲಿಸಬೇಡಿ. ಈಗ ಒಂದೇ ಕಡೆ ತೂತಿದೆ, ಆಮೇಲೆ ಎರಡು ಕಡೆ ಆಗುತ್ತದೆ.

2020-21ರ ಸೀಸನ್‌ನಲ್ಲಿ ಇಂಗ್ಲೆಂಡ್‌ನ ಲಿವರ್‌ಪೂಲ್ ಕ್ಲಬ್‌ಗೆ ಆಗಿದ್ದು ನೆನಪಿದೆಯಾ? 2020ರ ಅಕ್ಟೋಬರ್ 17ರಂದು ಎವರ್ಟನ್ ವಿರುದ್ಧ ಆಡುವಾಗ ಎದುರಾಳಿ ಗೋಲ್‌ಕೀಪರ್ ಪಿಕ್‌ಫರ್ಡ್ ನುಗ್ಗಿ ಬಂದು ಡಿಕ್ಕಿ ಹೊಡೆದಿದ್ದಕ್ಕೆ ಲಿವರ್‌ಪೂಲ್ ಡಿಫೆಂಡರ್ ವರ್ಜಿಲ್ ವಾನ್ ಡೈಕ್ ಮೊಣಕಾಲು ಹೋಯಿತು. ನಿಮ್ಮ ಗೆಳೆಯನಿಗೆ ಆಗಿರುವ ಗಾಯವೇ. ಮುಂದೆ ಡಿಫೆಂಡರ್‌ಗಳಾದ ಜೋ ಗೋಮೆಜ್, ಜೋಯಲ್ ಮಾಟಿಪ್ ಕೂಡ ಗಾಯದಿಂದ ಹೊರಬಿದ್ದರು. ಆಗ ಕೋಚ್ ಕ್ಲಾಪ್ ಮಿಡ್‌ಫೀಲ್ಡ್‌ನಲ್ಲಿದ್ದ ಫ್ಯಾಬಿನೋ, ಹೆಂಡರ್ಸನ್ ಇಬ್ಬರನ್ನೂ ಹಿಂದಕ್ಕೆ ಎಳೆದರು. ಅವರ ಮುಂದೆ ಬೇರೆ ದಾರಿ ಜಾಸ್ತಿ ಇರಲಿಲ್ಲ ಬಿಡಿ. ಆದರೆ ಮಧ್ಯದ ಬಿಗಿಯೇ ಹೋಯಿತು. ತವರಿನಲ್ಲಿ ಸತತ 68 ಲೀಗ್ ಮ್ಯಾಚ್ ಸೋಲದೇ ಇದ್ದ ತಂಡ, 2021ರ ಜನವರಿಯಿಂದ ಮಾರ್ಚ್‌ವರೆಗೆ ಅದೇ ಆನ್‌ಫೀಲ್ಡ್‌ನಲ್ಲಿ ಸಾಲಾಗಿ ಆರು ಸೋತಿತು. ಫ್ಯಾಬಿನೋ ವಾಪಸ್ ಮಿಡ್‌ಫೀಲ್ಡ್‌ಗೆ ಹೋಗಿ, ಹಿಂದೆ ನ್ಯಾಟ್ ಫಿಲಿಪ್ಸ್ ಥರದ ಹೆಸರಿಲ್ಲದ ಹುಡುಗರು ನಿಂತ ಮೇಲೇ ಆಟ ಸುಧಾರಿಸಿದ್ದು. ಫಿಲಿಪ್ಸ್ ಆಟ ನನಗೆ ಬಹಳ ಇಷ್ಟ. ವಾನ್ ಡೈಕ್ ಥರ ಉದ್ದುದ್ದ ಪಾಸ್ ಕೊಡಲು ಹೋಗದೆ, ಎತ್ತರದ ಬಾಲ್ ಬಂದರೆ ತಲೆ ಕೊಟ್ಟು ಹೊರಗೆ ಹಾಕುತ್ತಿದ್ದ. ಕೊನೆಯ 10 ಲೀಗ್ ಮ್ಯಾಚ್‌ಗಳಲ್ಲಿ 8 ಗೆಲುವು, 2 ಡ್ರಾ. ಸೀಸನ್ ಮೂರನೇ ಸ್ಥಾನದಲ್ಲಿ ಮುಗಿಯಿತು.

ಹಾಗಾದರೆ ನಿಮ್ಮಲ್ಲಿ ಆ ಜಾಗಕ್ಕೆ ಯಾರು? ಅದಕ್ಕಿಂತ ಮೊದಲು, ಗಾಯಗೊಂಡ ನಿಮ್ಮ ಗೆಳೆಯ ಏನೇನು ಕೆಲಸ ಮಾಡುತ್ತಿದ್ದ ಅಂತ ಕೂತು ನೋಡಿ. ನಾನಿದ್ದ ಒಂದು ತಂಡದಲ್ಲೂ ಹೀಗೇ ಮಿಡ್‌ಫೀಲ್ಡರ್ ಹೊರಬಿದ್ದಿದ್ದ. ಅವನಿಲ್ಲದ ಮೊದಲ ಮ್ಯಾಚ್‌ನಲ್ಲಿ ನಮ್ಮ ಲೆಫ್ಟ್ ಬ್ಯಾಕ್ ಮೈಮೇಲೆ ಯಾರಾದರೂ ಬಂದಾಗಲೆಲ್ಲ ತಲೆ ಎತ್ತದೆ ಬಾಲನ್ನು ಒಳಗಡೆ ತಳ್ಳುತ್ತಿದ್ದ. ಅಲ್ಲಿ ಯಾವಾಗಲೂ ಒಬ್ಬ ಇರುತ್ತಿದ್ದನಲ್ಲ, ಆ ಅಭ್ಯಾಸ. ಈಗ ಅಲ್ಲಿ ಎದುರಾಳಿ ನಿಂತಿದ್ದ. ಎದುರಾಳಿಗೆ ಫ್ರೀ ಕಿಕ್ ಸಿಕ್ಕರೆ ಅಡ್ಡಲಾಗಿ ಆಟಗಾರರ ಗೋಡೆ ನಿಲ್ಲಿಸಲು ಕೂಗುವವರೇ ಇಲ್ಲ. ಹೆಡ್ ಆಗಿ ಕೆಳಗೆ ಬಿದ್ದ ಬಾಲ್‌ಗೆ ಇನ್ನೊಬ್ಬ ಹೋಗುತ್ತಾನೆ ಅಂದುಕೊಂಡು ಎಲ್ಲರೂ ನಿಂತರು. ಅವನು ಇಷ್ಟೆಲ್ಲ ಮಾಡುತ್ತಿದ್ದ ಅನ್ನೋದು ನಮಗೆ ಗೊತ್ತಾಗಿದ್ದೇ ಆವತ್ತು.

ಆ ವಾರ ಎಲ್ಲರೂ ಸೇರಿ ಅವನ ಕೆಲಸಗಳನ್ನು ಪೇಪರ್ ಮೇಲೆ ಬರೆದು ಹಂಚಿಕೊಂಡೆವು. ಕಾರ್ನರ್ ಒಬ್ಬನಿಗೆ, ಗೋಡೆ ನಿಲ್ಲಿಸೋದು ಗೋಲ್‌ಕೀಪರ್‌ಗೆ, ಬಿದ್ದ ಬಾಲ್‌ಗೆ ನುಗ್ಗೋದು ಓಡುವ ಶಕ್ತಿ ಇರುವವನಿಗೆ. ಲೆಫ್ಟ್ ಬ್ಯಾಕ್‌ಗೆ ಹೇಳಿದ್ದು ಒಂದೇ ಮಾತು, ಒತ್ತಡ ಬಂದರೆ ಸೈಡ್ ಲೈನ್ ಗುಂಟ ಮುಂದಕ್ಕೆ ಹೊಡಿ. ಖಾಲಿ ಜಾಗಕ್ಕೆ ಬೆಂಚಿನಿಂದ ಒಬ್ಬ ಹುಡುಗ ಬಂದ. ಮೇಲಿದ್ದ ಭಾರ ಕಮ್ಮಿ ಆಗಿದ್ದರಿಂದ ಅವನು ತನಗೆ ಬರುವ ಆಟ ಆಡಿದ. ನೀವೂ ಇದನ್ನೇ ಮಾಡಿ. ಜೊತೆಗೆ ಇಡೀ ತಂಡ ಸ್ವಲ್ಪ ಹಿಂದೆ ಸರಿದು, ಡಿಫೆನ್ಸ್, ಮಿಡ್‌ಫೀಲ್ಡ್, ಫಾರ್ವರ್ಡ್ ಲೈನ್‌ಗಳ ನಡುವಿನ ಅಂತರ ಕಡಿಮೆ ಮಾಡಿಕೊಂಡರೆ ಮಧ್ಯದಲ್ಲಿ ಒಬ್ಬನೇ ಓಡಾಡಿ ಸಾಯಬೇಕಾಗಿಲ್ಲ.

ಅವನಂಥವನೇ ಇನ್ನೊಬ್ಬನನ್ನು ಹುಡುಕುತ್ತಾ ಕೂರಬೇಡಿ. ಮ್ಯಾಂಚೆಸ್ಟರ್ ಸಿಟಿಯಷ್ಟು ದುಡ್ಡಿರುವ ಕ್ಲಬ್ಬಿಗೇ 2024ರ ಸೆಪ್ಟೆಂಬರ್‌ನಲ್ಲಿ ಅವರ ಮಿಡ್‌ಫೀಲ್ಡರ್ ರೋಡ್ರಿ ಗಾಯಗೊಂಡಾಗ ತಕ್ಷಣ ಯಾರೂ ಸಿಗಲಿಲ್ಲ. ಸತತ ನಾಲ್ಕು ಸಲ ಲೀಗ್ ಗೆದ್ದಿದ್ದ ತಂಡ ಆ ವರ್ಷ ಮೂರನೇ ಸ್ಥಾನಕ್ಕೆ ಇಳಿಯಿತು.

ಇನ್ನು ಮನಸ್ಸಿನ ವಿಷಯ. ಇದು ಆಟಕ್ಕಿಂತ ಕಷ್ಟ. 2014ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಬ್ರೆಜಿಲ್‌ನ ನೇಮರ್ ಬೆನ್ನುಮೂಳೆ ಮುರಿದುಕೊಂಡರು. ಸೆಮಿಫೈನಲ್‌ನಲ್ಲಿ ರಾಷ್ಟ್ರಗೀತೆ ನಡೆಯುವಾಗ ಬ್ರೆಜಿಲ್ ಆಟಗಾರರು ಅವರ ಜೆರ್ಸಿ ಹಿಡಿದು ನಿಂತಿದ್ದರು. ಇಡೀ ತಂಡ ಕಣ್ಣೀರಿನ ಅಂಚಿನಲ್ಲಿತ್ತು. 29 ನಿಮಿಷ ಆಗುವಷ್ಟರಲ್ಲಿ ಜರ್ಮನಿ ಐದು ಗೋಲ್ ಹೊಡೆದಿತ್ತು, ಕೊನೆಗೆ 7-1. ಕ್ಯಾಪ್ಟನ್ ಥಿಯಾಗೊ ಸಿಲ್ವಾ ಕೂಡ ಹಳದಿ ಕಾರ್ಡ್‌ಗಳಿಂದ ಬಂದ ನಿಷೇಧದಿಂದಾಗಿ ಆಡಿರಲಿಲ್ಲ, ಅದೂ ದೊಡ್ಡ ಕಾರಣ. ಆದರೂ ಇಲ್ಲದವನಿಗಾಗಿ ಆಡಬೇಕು ಅನ್ನೋ ಭಾರ ಹೊತ್ತವರ ಕಾಲು ಓಡೋದಿಲ್ಲ ಅಂತ ನನಗೆ ಅವತ್ತಿನಿಂದ ಅನ್ನಿಸಿದೆ. "ಅವನಿಗಾಗಿ ಈ ಮ್ಯಾಚ್ ಗೆಲ್ಲೋಣ" ಅಂತ ಡ್ರೆಸ್ಸಿಂಗ್ ರೂಮಿನಲ್ಲಿ ದಯವಿಟ್ಟು ಹೇಳಬೇಡಿ.

ಹಾಗಂತ ದುಃಖ ನುಂಗಿಕೊಂಡು ಸುಮ್ನೆ ಇರಿ ಅಂತಲೂ ಅಲ್ಲ. 2021ರ ಜೂನ್ 12ರಂದು ಯೂರೋ ಕಪ್ ಮ್ಯಾಚ್‌ನಲ್ಲಿ ಡೆನ್ಮಾರ್ಕ್‌ನ ಮಿಡ್‌ಫೀಲ್ಡರ್ ಎರಿಕ್ಸನ್ ಹೃದಯ ಮೈದಾನದಲ್ಲೇ ನಿಂತಿತು. ಅದು ಗಾಯಕ್ಕಿಂತ ಎಷ್ಟೋ ದೊಡ್ಡ ಆಘಾತ. ಮುಂದಿನ ಬೆಲ್ಜಿಯಂ ಮ್ಯಾಚ್‌ನಲ್ಲಿ, ಅವರ ಜೆರ್ಸಿ ನಂಬರ್ ಹತ್ತು ಅಂತ ಹತ್ತನೇ ನಿಮಿಷಕ್ಕೆ ಆಟ ನಿಲ್ಲಿಸಿ ಎರಡೂ ತಂಡ ಚಪ್ಪಾಳೆ ತಟ್ಟಿದವು. ಆಮೇಲೆ ಆಟ ಮುಂದುವರಿಯಿತು. ಆ ಮ್ಯಾಚ್ ಸೋತರು. ಆದರೆ ಎರಿಕ್ಸನ್ ಬದಲು ಬಂದ 20 ವರ್ಷದ ಡಾಮ್ಸ್‌ಗಾರ್ಡ್ ತನ್ನದೇ ಆಟ ಆಡಿದ, ತಂಡ ಸೆಮಿಫೈನಲ್‌ವರೆಗೆ ಹೋಯಿತು. ನೀವೂ ಒಂದು ಸಲ ಎಲ್ಲರೂ ಕೂತು ಮನಸ್ಸು ಬಿಚ್ಚಿ ಮಾತಾಡಿ. ಅಳೋರು ಅಳಲಿ.

ಇನ್ನೊಂದನ್ನು ಗಮನಿಸಿ. ಕಣ್ಣೆದುರು ಗೆಳೆಯನ ಕಾಲು ತಿರುಚಿದ್ದನ್ನು ನೋಡಿದವರು ಕೆಲವು ವಾರ ಟ್ಯಾಕಲ್‌ಗೆ ಅರ್ಧ ಮನಸ್ಸಿನಿಂದ ಹೋಗುತ್ತಾರೆ. ಅರ್ಧ ಮನಸ್ಸಿನ ಟ್ಯಾಕಲ್‌ನಲ್ಲೇ ಏಟಾಗುವ ಸಾಧ್ಯತೆ ಜಾಸ್ತಿ ಅಂತ ನನಗನ್ನಿಸುತ್ತದೆ. ಅವರನ್ನು ಬೈಯಬೇಡಿ. ಪ್ರಾಕ್ಟೀಸ್‌ನಲ್ಲಿ ನಿಧಾನವಾಗಿ, ಒಬ್ಬರಿಗೊಬ್ಬರು ಎದುರಾಗುವ ಅಭ್ಯಾಸ ಮತ್ತೆ ಶುರು ಮಾಡಿಸಿ.

ಗಾಯಗೊಂಡವನ ಮನೆಗೆ ಮೊದಲ ವಾರ ಎಲ್ಲರೂ ಹೋಗುತ್ತಾರೆ. ಎರಡು ತಿಂಗಳಾದ ಮೇಲೆ ಯಾರು ಹೋಗುತ್ತಾರೆ ಅನ್ನೋದೇ ಮುಖ್ಯ. ಅವನಿಗೆ ಇಷ್ಟವಿದ್ದರೆ ಮಾತ್ರ ಮ್ಯಾಚ್‌ಗೆ ಕರೆಯಿರಿ, ಬಂದರೆ ಒಂದು ಕೆಲಸ ಕೊಡಿ. ಎದುರಾಳಿ ಎಲ್ಲಿ ಜಾಗ ಬಿಡುತ್ತಿದ್ದಾರೆ ಅಂತ ನೋಡಿ ಹಾಫ್ ಟೈಮ್‌ನಲ್ಲಿ ಹೇಳಲಿ. ಬೇಗ ಬಾ ಅಂತ ಮಾತ್ರ ಒತ್ತಾಯಿಸಬೇಡಿ. ಆಪರೇಷನ್ ಆದ ಮೇಲೆ 9 ತಿಂಗಳೊಳಗೆ ಆಟಕ್ಕಿಳಿದವರಿಗೆ ಮತ್ತೆ ಎಸಿಎಲ್ ಹರಿಯುವ ಅಪಾಯ ಜಾಸ್ತಿ. ಈ ಸೀಸನ್ ಲೆಕ್ಕದಿಂದ ಅವನನ್ನು ಈಗಲೇ ಬಿಟ್ಟುಬಿಡಿ, ಅದನ್ನು ಅವನಿಗೂ ಹೇಳಿ. ಕೋಚ್ ಹತ್ತಿರ ಹೋಗುವಾಗ ಅವನ ಕೆಲಸಗಳ ಪಟ್ಟಿ ಕೈಯಲ್ಲಿರಲಿ, ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರಿರಲಿ. ಸ್ಟಾಪರ್ ಯಾಕೆ ಹಿಂದೆಯೇ ಇರಬೇಕು ಅಂತ ಅವರಿಗೆ ತೋರಿಸೋದು ಆಗ ಸುಲಭ.