ಮಂಜಿನ ಹಿಂದೆ ಹಡಗೇ ಇಲ್ಲ

ಪ್ರಶ್ನೆ: 1930ರ ದಶಕದ ಅಮೆರಿಕದ ಅಗ್ಗದ ಕ್ರೈಂ ಸಿನಿಮಾಗಳಲ್ಲಿ ಬಂದರು ಬಂದರೆ ಮಂಜೂ ಬಂತು. ನಮ್ಮೂರಿನಷ್ಟು ಮಂಜು ಅಲ್ಲಿ ನಿಜಕ್ಕೂ ಇತ್ತೇ?
– ಓದುಗರು, ಮಡಿಕೇರಿ

ಉತ್ತರ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈಗಲೂ ಇದೆ. ಆದರೆ ತೆರೆಯ ಮೇಲೆ ಕಾಣುವುದು ಬಹುಪಾಲು ಸ್ಟುಡಿಯೋದೊಳಗೆ ಬಿಟ್ಟ ಹೊಗೆ. ಹೊಗೆಯಿದ್ದರೆ ಹಡಗು ಕಟ್ಟಿಸುವ ಖರ್ಚಿಲ್ಲ. ನಾಲ್ಕು ಪೀಪಾಯಿ, ಹಗ್ಗದ ಒಂದು ಸುರುಳಿ, ಒಂದು ದೀಪದ ಕಂಬ, ದೂರದಿಂದ ಹಡಗಿನ ಕೂಗು. ಅಷ್ಟಾದರೆ ದಕ್ಕೆ ಸಿದ್ಧ! ಹಡಗನ್ನು ತೋರಿಸಲೇಬೇಕಾದರೆ ಹಳೆಯ ಸುದ್ದಿಚಿತ್ರದ ತುಣುಕು ಅಂಟಿಸುತ್ತಿದ್ದರು. ಅದು ಉಳಿದ ಚಿತ್ರಕ್ಕಿಂತ ತರಿತರಿಯಾಗಿರುತ್ತದೆ, ಬೆಳಕು ಬೇರೆ ಕಡೆಯಿಂದ ಬಿದ್ದಿರುತ್ತದೆ, ಗಮನಿಸಿದರೆ ಸಿಕ್ಕಿಬೀಳುತ್ತದೆ.

ಇಷ್ಟು ಬಿಗಿಹಿಡಿಯಲು ಕಾರಣವಿತ್ತು. 1929ರ ಷೇರುಪೇಟೆ ಕುಸಿತದ ನಂತರ ಜನ ಕಡಿಮೆಯಾದ ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸತೊಡಗಿದವು. ದೊಡ್ಡ ಚಿತ್ರಕ್ಕೆ ಗಳಿಕೆಯಲ್ಲಿ ಪಾಲು, ಜೊತೆಯದಕ್ಕೆ ನಿಗದಿತ ಬಾಡಿಗೆ ಮಾತ್ರ. ಚಿತ್ರ ಎಷ್ಟೇ ಓಡಲಿ, ಮೊನೋಗ್ರಾಂನಂಥ ಸಣ್ಣ ಸಂಸ್ಥೆಯ ಕೈಗೆ ಬರುವುದು ಹೆಚ್ಚುಕಡಿಮೆ ಮೊದಲೇ ಗೊತ್ತಿರುತ್ತಿತ್ತು. ಖರ್ಚು ಉಳಿಸಿದ್ದೇ ಲಾಭ. 35 ಮಿ.ಮೀ. ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಒಂದು ಗಂಟೆಯ ಚಿತ್ರಕ್ಕೇ 5,400 ಅಡಿ. ನಟ ತಡವರಿಸಿದ ಮಾತೂ ಹಾಗೇ ಉಳಿದಿದ್ದರೆ ಆಶ್ಚರ್ಯಪಡಬೇಡಿ, ರೀಟೇಕ್ ಎಂದರೆ ಮತ್ತಷ್ಟು ಅಡಿ.

ಪ್ರಶ್ನೆ: ಈ ಸಿನಿಮಾಗಳಲ್ಲಿ ಬೆಳಿಗ್ಗೆ ಬಂದರಿನ ಹಮಾಲರು ಅರ್ಧ ವೃತ್ತದಲ್ಲಿ ನಿಲ್ಲುವುದು, ಒಬ್ಬ ಬೆರಳು ತೋರಿಸಿ ಕರೆಯುವುದು ಏನದು?
– ಓದುಗರು, ಸಿದ್ದಾಪುರ

ಉತ್ತರ: ಅಂದಿನ ಕೆಲಸಕ್ಕೆ ಆಳು ಆರಿಸುವ ಪದ್ಧತಿ, 'ಶೇಪ್-ಅಪ್' ಎನ್ನುತ್ತಿದ್ದರು. ತೋಟದ ಮೇಸ್ತ್ರಿ ಆಳುಗಳನ್ನು ಜೀಪಿಗೆ ಹತ್ತಿಸುವುದನ್ನು ಕಂಡ ನಿಮಗೆ ಅರ್ಧ ಅರ್ಥವಾಗಿರಬೇಕು. ಆದರೆ ಕಾಫಿ ಕೊಯ್ಲಿನಲ್ಲಿ ಆಳನ್ನು ಹುಡುಕಿಕೊಂಡು ಹೋಗಬೇಕು; ಆ ಬಂದರಿನಲ್ಲಿ ಕೆಲಸಕ್ಕಿಂತ ಜನ ಹೆಚ್ಚು. ಬೆರಳು ತನ್ನ ಕಡೆ ತಿರುಗಬೇಕೆಂದರೆ ಕೂಲಿಯಲ್ಲಿ ಒಂದಿಷ್ಟು ಮೇಸ್ತ್ರಿಗೆ ಹೋಗಬೇಕು. ಅದಕ್ಕೆ ಬಡ್ಡಿ ಸಾಲ, ಸಾಲ ತೀರಿಸಲು ಸರಕಿನ ಕಳವು. ಕಥೆಯ ಅಪರಾಧ ಹುಟ್ಟುವುದು ಈ ಸಾಲಿನಲ್ಲಿ, ಪಿಸ್ತೂಲಿನಲ್ಲಲ್ಲ.

ಅಮೆರಿಕದ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ 1934ರ ಮೇ 9ರಂದು ಮುಷ್ಕರ ಶುರುವಾಯಿತು. ಜುಲೈ 5ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಆಮೇಲೆ ಅಲ್ಲಿ ಸರದಿಯ ಮೇಲೆ ಕೆಲಸ ಹಂಚುವ ಪದ್ಧತಿ ಬಂತು; ನ್ಯೂಯಾರ್ಕಿನಲ್ಲಿ ಶೇಪ್-ಅಪ್ 1953ರವರೆಗೂ ಇತ್ತು. ಅದೇ 1934ರ ಜುಲೈಯಲ್ಲಿ ಹಾಲಿವುಡ್‌ನ ನೀತಿ ನಿಯಮಾವಳಿಯೂ ಬಿಗಿಯಾಯಿತು. ತಪ್ಪಿತಸ್ಥನಿಗೆ ಶಿಕ್ಷೆ ಆಗಲೇಬೇಕು. ಆದ್ದರಿಂದ ಆ ಮೇಲಿನ ಚಿತ್ರಗಳ ಕೊನೆಯ ಐದು ನಿಮಿಷವನ್ನು ಪೂರ್ತಿ ನಂಬಬೇಡಿ.

ಪ್ರಶ್ನೆ: ನಮ್ಮ ಸಿನಿಮಾ ಕೂಟದ ಪ್ರೊಜೆಕ್ಟರಿನಲ್ಲಿ ಮುಖಗಳೆಲ್ಲ ದಪ್ಪ. ಮಳೆ ಬಂದರೆ ಮಾತೇ ಕೇಳಿಸದು.
– ಓದುಗರು, ಸೋಮವಾರಪೇಟೆ

ಉತ್ತರ: ಈ ಚಿತ್ರಗಳ ಚೌಕಟ್ಟಿನ ಅಗಲ-ಎತ್ತರದ ಅನುಪಾತ 1.37:1; ಅಗಲದ ಪರದೆ ತುಂಬ ಎಳೆದರೆ ಮುಖ ದಪ್ಪವಾಗುತ್ತದೆ. ಪ್ರೊಜೆಕ್ಟರನ್ನು 4:3ಕ್ಕೆ ಇಡಿ; 8 ಅಡಿ ಅಗಲ, 4.5 ಅಡಿ ಎತ್ತರದ ಪರದೆಯಲ್ಲಿ ಚಿತ್ರ 6 ಅಡಿ ಅಗಲ ಬರುತ್ತದೆ, ಎರಡೂ ಬದಿ ಒಂದೊಂದು ಅಡಿ ಕಪ್ಪು ಉಳಿಯುತ್ತದೆ. ಜೂಮ್ ಮಾಡಿ ತುಂಬಿಸಿದರೆ ಟೋಪಿ, ತಲೆ ಎರಡೂ ಹೋಗುತ್ತವೆ. ಮೋನೋ ಧ್ವನಿಗೆ ಒಂದೇ ಸ್ಪೀಕರ್ ಸಾಕು, ಪರದೆಯ ಕೆಳಗೆ ನಡುವೆ ಇಡಿ. ಸರಸರ ಸದ್ದು ತಗ್ಗಿಸಲು ಟ್ರೆಬಲ್ ಸ್ವಲ್ಪ ಇಳಿಸಿ. ಜಾಸ್ತಿ ಇಳಿಸಿದರೆ ವ್ಯಂಜನಗಳೇ ಮಾಯ. ಶೀಟಿನ ಮಾಡಿನ ಮೇಲೆ ಜುಲೈ ಮಳೆ ಬಿದ್ದರೆ ಮಾತ್ರ ಯಾವ ಗುಂಡಿ ತಿರುಗಿಸಿದರೂ ಉಪಯೋಗವಿಲ್ಲ, ಕನ್ನಡ ಸಬ್‌ಟೈಟಲ್ ಹಾಕಿಕೊಳ್ಳಿ.