ಡೊಳ್ಳಿನ ಏಟನ್ನು ಡ್ರಮ್ ಸಿಂಥಸೈಜರಿನಲ್ಲಿ ಕಟ್ಟುವುದು ಹೇಗೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಡೊಳ್ಳು ಕುಣಿತದ ತಂಡವೊಂದರಲ್ಲಿದ್ದೇನೆ. ಮಳೆಗಾಲದಲ್ಲಿ ಚರ್ಮ ಸಡಿಲಾಗಿ ಡೊಳ್ಳು ಸರಿಯಾಗಿ ನುಡಿಯುವುದಿಲ್ಲವಾದ್ದರಿಂದ, ನಾಟಕದ ಹಿನ್ನೆಲೆ ಸಂಗೀತಕ್ಕೆ ಬೇಕೆಂದು ಹಳೆಯ ಎಲೆಕ್ಟ್ರಾನಿಕ್ ಡ್ರಮ್ ಸಿಂಥಸೈಜರ್ ಒಂದನ್ನು ಕೊಂಡಿದ್ದೇನೆ. ಅದರಲ್ಲಿ ಪ್ರತಿ ವಾದ್ಯಕ್ಕೂ ಎರಡು ಆಸಿಲೇಟರ್ (ಸ್ವರ ಹುಟ್ಟಿಸುವ ಭಾಗ), ಒಂದು ನಾಯ್ಸ್ (ಸ್ವರವಿಲ್ಲದ 'ಶ್' ಎಂಬ ಸದ್ದು), ಒಂದು ಫಿಲ್ಟರ್ (ಸದ್ದನ್ನು ಸೋಸುವ ಭಾಗ) ಇವೆ. ಬೇಸ್ ಡ್ರಮ್ಮಿನ ನಾಬ್‌ಗಳನ್ನು ಎಷ್ಟು ತಿರುಗಿಸಿದರೂ ಖಾಲಿ ಬಕೆಟ್ ಬಡಿದಂತೆ ಕೇಳುತ್ತದೆ. ಹೆಡ್‌ಫೋನಿನಲ್ಲಿ ಪರವಾಗಿಲ್ಲ ಅನ್ನಿಸಿದ ಧ್ವನಿಯೂ ಸಭಾಂಗಣದ ಸ್ಪೀಕರಿನಲ್ಲಿ ಮಾಯವಾಗುತ್ತದೆ. ಚಂಡೆ, ಮದ್ದಳೆಗಳನ್ನೂ ಇದರಲ್ಲಿ ನುಡಿಸಬಹುದೇ?

ಉತ್ತರ: ಮೊದಲಿಗೆ, ನಿಮ್ಮ ಯಂತ್ರದೊಳಗೆ ಯಾವ ಡೋಲಿನ ಧ್ವನಿಮುದ್ರಣವೂ ಇಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. 1980ರಲ್ಲಿ ಬಂದ ಲಿನ್ ಎಲ್‌ಎಂ-1 ನಿಜವಾದ ಡ್ರಮ್ಮುಗಳ ಮುದ್ರಿತ ಧ್ವನಿಯನ್ನು ನುಡಿಸುತ್ತಿತ್ತು. ಅದೇ ವರ್ಷದ ರೋಲಂಡ್ ಟಿಆರ್-808ರ ಬೇಸ್ ಡ್ರಮ್ ಮಾತ್ರ, ಒಂದು ವಿದ್ಯುತ್ ತಟ್ಟು ಕೊಟ್ಟಾಗ ಗಂಟೆಯಂತೆ ಕಂಪಿಸಿ ಆರಿಹೋಗುವ ಸರ್ಕ್ಯೂಟ್ ಆಗಿತ್ತು. ನಿಮ್ಮದು ಈ ಎರಡನೆಯ ವಂಶದ್ದು. ಅದರ ಬೇಸ್ ಡ್ರಮ್ ಕಾಲಿನ ಪೆಡಲ್‌ನಿಂದ ಬಾರಿಸುವ ಪಾಶ್ಚಾತ್ಯ ವಾದ್ಯವನ್ನು ಅನುಕರಿಸಲು ಹೊರಟದ್ದು, ಆದ್ದರಿಂದ ಅಲ್ಲಿ ಡೊಳ್ಳನ್ನು ಹುಡುಕಿದರೆ ಸಿಗುವುದಿಲ್ಲ. ಅದನ್ನು ನೀವೇ ಕಟ್ಟಬೇಕು.

ಬಕೆಟ್ಟಿನ ಧ್ವನಿಗೆ ಮುಖ್ಯ ಕಾರಣ, ನಿಮ್ಮ ಆಸಿಲೇಟರ್ ಏಟಿನ ಮೊದಲಿನಿಂದ ಕೊನೆಯವರೆಗೂ ಒಂದೇ ಶ್ರುತಿಯಲ್ಲಿ ನಿಂತಿರುವುದು. ಚರ್ಮದ ವಾದ್ಯ ಹಾಗೆ ನಡೆದುಕೊಳ್ಳುವುದಿಲ್ಲ. ಕೋಲು ಬಲವಾಗಿ ಬಿದ್ದ ಗಳಿಗೆಯಲ್ಲಿ ಚರ್ಮ ಹಿಗ್ಗಿ ಅದರ ಬಿಗಿತ ಹೆಚ್ಚುವುದರಿಂದ ಶ್ರುತಿ ತುಸು ಮೇಲೇರಿ, ಕಂಪನ ತಗ್ಗುತ್ತ ಬಂದಂತೆ ತನ್ನ ಸಹಜ ಸ್ಥಾನಕ್ಕೆ ಇಳಿಯುತ್ತದೆ. ಕಿವಿ ಈ ಇಳಿತವನ್ನು ಪ್ರತ್ಯೇಕವಾಗಿ ಗುರುತಿಸದಿದ್ದರೂ ಅದಿಲ್ಲದ ಧ್ವನಿಯನ್ನು ಚರ್ಮವೆಂದು ನಂಬುವುದಿಲ್ಲ. ಹಾಗಾಗಿ ಮೊದಲ ಆಸಿಲೇಟರನ್ನು ನುಣುಪಾದ ಸೈನ್ ಅಲೆಗೆ ಇಟ್ಟು 70 ಹರ್ಟ್ಸ್ (ಸೆಕೆಂಡಿಗೆ 70 ಕಂಪನ) ಆಸುಪಾಸಿಗೆ ಹೊಂದಿಸಿ, ಏಟಿನ ಅವಧಿಯಲ್ಲಿ ಶ್ರುತಿಯನ್ನು ಏರಿಳಿಸುವ ಪಿಚ್ ಎನ್ವಲಪ್ ಅದನ್ನು 150 ಹರ್ಟ್ಸ್‌ನಿಂದ ಆರಂಭಿಸಿ ಸುಮಾರು 40 ಮಿಲಿಸೆಕೆಂಡಿನಲ್ಲಿ ಕೆಳಗಿಳಿಸುವಂತೆ ಮಾಡಿ. ಈ ಅಂಕಿಗಳು ಆರಂಭಕ್ಕಷ್ಟೇ. ಅಂತಿಮ ತೀರ್ಮಾನ ಕಿವಿಯದು. ಇಳಿತ ಅತಿಯಾದರೂ ಅಪಾಯವಿದೆ: 1981ರ ಸಿಮನ್ಸ್ ಎಸ್‌ಡಿಎಸ್-5ರ ಷಟ್ಕೋನ ಪ್ಯಾಡುಗಳಿಂದ ಹೊರಟು ಎಂಬತ್ತರ ದಶಕದ ಹಾಡುಗಳನ್ನೆಲ್ಲ ತುಂಬಿದ ಆ 'ಡ್ಯೂಂ' ಹುಟ್ಟುವುದು ಹೀಗೆಯೇ, ಅದು ಬೀರೇಶ್ವರನ ಉತ್ಸವಕ್ಕೆ ಹೊಂದುವ ಸದ್ದಲ್ಲ. ನಿಮ್ಮ ಯಂತ್ರದಲ್ಲಿ ಏಟಿನ ಬಲಕ್ಕೆ ತಕ್ಕಂತೆ ಪಿಚ್ ಎನ್ವಲಪ್‌ನ ಆಳ ಬದಲಾಗುವ ಸೌಲಭ್ಯವಿದ್ದರೆ ತಪ್ಪದೆ ಬಳಸಿ. ಮೆಲ್ಲಗೆ ತಟ್ಟಿದಾಗ ಇಳಿತ ಇಲ್ಲದಂತಿರಬೇಕು, ಜೋರಾಗಿ ಹೊಡೆದಾಗ ಸ್ಪಷ್ಟವಾಗಿರಬೇಕು. ಹಲವರು ಬಲವನ್ನು ಕೇವಲ ವಾಲ್ಯೂಮಿಗೆ ಜೋಡಿಸಿ ಸುಮ್ಮನಾಗುತ್ತಾರೆ, ಆಗ ಎಲ್ಲ ಏಟೂ ಒಂದೇ ಏಟಿನ ಸಣ್ಣ ದೊಡ್ಡ ಪ್ರತಿಗಳಂತೆ ಕೇಳುತ್ತವೆ.

ಎರಡನೆಯ ಆಸಿಲೇಟರನ್ನು ಎಲ್ಲಿ ಇಡಬೇಕೆಂಬುದರಲ್ಲಿ ನಿಜವಾದ ಸ್ವಾರಸ್ಯವಿದೆ. ಬಿಗಿದ ವೃತ್ತಾಕಾರದ ಚರ್ಮದ ಕಂಪನಗಳು ತಂತಿಯ ಕಂಪನಗಳಂತೆ ಒಂದು, ಎರಡು, ಮೂರು ಎಂಬ ಅಚ್ಚುಕಟ್ಟಾದ ಅನುಪಾತದಲ್ಲಿರುವುದಿಲ್ಲ. ಆದರ್ಶ ಚರ್ಮದಲ್ಲಿ ಅವು 1, 1.59, 2.14, 2.30 ಹೀಗೆ ಸಾಗುತ್ತವೆ. ಇವುಗಳಲ್ಲಿ 1.59 ಮತ್ತು 2.14ರ ಕಂಪನಗಳಿಗೆ ಚರ್ಮದ ನಟ್ಟನಡುವೆ ಚಲನೆಯೇ ಇಲ್ಲದಿರುವುದರಿಂದ ನಡುವಿಗೆ ಬಿದ್ದ ಏಟು ಅವನ್ನು ಎಬ್ಬಿಸುವುದಿಲ್ಲ, 1 ಮತ್ತು 2.30 ಮಾತ್ರ ಏಳುತ್ತವೆ. ಅಂಚಿನ ಕಡೆಗೆ ಬಿದ್ದ ಏಟು 1.59ನ್ನು ಜೋರಾಗಿ ಎಬ್ಬಿಸುತ್ತದೆ. ಆದ್ದರಿಂದ ನಡುವಿನ ಏಟಿಗೆ ಎರಡನೆಯ ಆಸಿಲೇಟರನ್ನು 160 ಹರ್ಟ್ಸ್ ಹತ್ತಿರ, ಅಂಚಿನ ಏಟಿಗೆ 111 ಹರ್ಟ್ಸ್ ಹತ್ತಿರ ಇಡಿ. ಡಿಕೇಯನ್ನೂ, ಅಂದರೆ ಧ್ವನಿ ಆರಿಹೋಗಲು ಹಿಡಿಯುವ ಸಮಯವನ್ನೂ, ಬೇರೆ ಮಾಡಬೇಕು. ಚರ್ಮವೆಲ್ಲ ಒಟ್ಟಾಗಿ ಮೇಲೆ ಕೆಳಗೆ ಆಡುವ ಮೂಲ ಕಂಪನ ಗಾಳಿಗೆ ತನ್ನ ಶಕ್ತಿಯನ್ನು ಬೇಗ ಬಿಟ್ಟುಕೊಡುತ್ತದೆ, ಅರ್ಧ ಮೇಲೇರಿದಾಗ ಇನ್ನರ್ಧ ಕೆಳಗಿಳಿಯುವ 1.59ರ ಕಂಪನ ನಿಧಾನವಾಗಿ ಬಿಡುತ್ತದೆ. ಅಂಚಿನ ಏಟು ಮೊಳಗಿ, ನಡುವಿನ ಏಟು 'ಧಬ್' ಎಂದು ಮುಗಿಯುವುದಕ್ಕೆ ಇದೂ ಒಂದು ಕಾರಣ. ಡೊಳ್ಳಿಗೆ ಎರಡು ಮುಖಗಳಿದ್ದು ಒಳಗೆ ಗಾಳಿ ತುಂಬಿರುವುದರಿಂದ ಈ ಲೆಕ್ಕ ಅಷ್ಟಿಷ್ಟು ತಪ್ಪುತ್ತದೆ, ಆ ತಪ್ಪನ್ನು ನಾಬಿನಲ್ಲಿ ಸರಿಪಡಿಸಿಕೊಳ್ಳಿ.

ಇನ್ನು ನಾಯ್ಸ್. ಡೊಳ್ಳಿನಲ್ಲಿ ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಯಂತ್ರದಲ್ಲಿ ಅವನ್ನು ಎರಡು ಬೇರೆ ವಾದ್ಯಗಳೆಂದೇ ಕಟ್ಟಬೇಕು. ಕೋಲಿಗೆ 2,000 ಹರ್ಟ್ಸ್‌ಗಿಂತ ಮೇಲಿನ ನಾಯ್ಸ್ 5ರಿಂದ 8 ಮಿಲಿಸೆಕೆಂಡ್ ಸಾಕು, ಅಂಗೈಗೆ ಫಿಲ್ಟರನ್ನು 700 ಹರ್ಟ್ಸ್‌ವರೆಗೆ ಇಳಿಸಿ 25 ಮಿಲಿಸೆಕೆಂಡಿನಷ್ಟು ಬಿಡಿ. ಇಡೀ ತಂಡ ಬಾರಿಸಿದಂತೆ ಕೇಳಬೇಕೆಂದರೆ ಅದೇ ಧ್ವನಿಯ ಎರಡು ಮೂರು ಪ್ರತಿಗಳನ್ನು ಶ್ರುತಿಯಲ್ಲಿ ತುಸು ಬೇರೆಯಾಗಿಸಿ, 10ರಿಂದ 20 ಮಿಲಿಸೆಕೆಂಡ್ ಹಿಂದುಮುಂದಾಗಿ ನುಡಿಸಿ. ಹನ್ನೆರಡು ಜನ ಎಷ್ಟೇ ಪಳಗಿದವರಾದರೂ ಹನ್ನೆರಡು ಕೋಲುಗಳು ಒಂದೇ ಗಳಿಗೆಗೆ ಬೀಳುವುದಿಲ್ಲ, ಆ ಹರಹೇ ತಂಡದ ಸದ್ದು.

ಸಭಾಂಗಣದಲ್ಲಿ ಧ್ವನಿ ಮಾಯವಾಗುವ ತಪ್ಪನ್ನು ನಾನೂ ಮಾಡಿದ್ದೇನೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು 45 ಹರ್ಟ್ಸ್‌ಗೆ ಇಳಿಸಿ ಎದೆ ನಡುಗುವಂತೆ ಮಾಡಿಕೊಂಡಿದ್ದ ಧ್ವನಿ ಶಿವಮೊಗ್ಗದ ಒಂದು ವೇದಿಕೆಯಲ್ಲಿ ಮೊದಲ ಸಾಲಿಗೂ ಕೇಳಿಸದೆ, ಸ್ಪೀಕರಿನ ಜಾಲರಿ ಮಾತ್ರ ಗಿರಗಿರ ಎನ್ನುತ್ತಿತ್ತು. ಸಾಮಾನ್ಯ ಸಭಾಂಗಣದ ಸಣ್ಣ ಸ್ಪೀಕರುಗಳು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸರಿಯಾಗಿ ಕೊಡುವುದಿಲ್ಲ, ಆಗ ಬೇಸ್ ಹೆಚ್ಚಿಸುವುದು ಇಲ್ಲದ ನೀರಿಗೆ ಪಂಪ್ ಹಾಕಿದಂತೆ. ಅದರ ಬದಲು ಮೊದಲ ಆಸಿಲೇಟರಿಗೆ ಸ್ವಲ್ಪ ಡ್ರೈವ್ (ಅಲೆಯನ್ನು ಒರಟಾಗಿಸುವ ಒತ್ತು) ಕೊಡಿ: 70ರ ಅಲೆ ತುಸು ಒರಟಾಗಿ 140, 210ರ ಸಂಗಾತಿಗಳು ಹುಟ್ಟುತ್ತವೆ, ಅವನ್ನು ಕೇಳಿದ ಕಿವಿ ಸ್ಪೀಕರ್ ಕೊಡದ 70ನ್ನು ತಾನೇ ಊಹಿಸಿಕೊಳ್ಳುತ್ತದೆ. ನಮ್ಮ ವಿದ್ಯುತ್ ಪೂರೈಕೆಯ ಆವರ್ತನ 50 ಹರ್ಟ್ಸ್ ಆಗಿರುವುದರಿಂದ, ಅರ್ತಿಂಗ್ ಸರಿಯಿಲ್ಲದ ಕಡೆ ಬರುವ ಗುಂಯ್‌ಗುಡುವಿಕೆಯ ಮೇಲೆಯೇ ನಿಮ್ಮ ಡೊಳ್ಳನ್ನು ಕೂರಿಸದಿರುವುದೂ ಒಳ್ಳೆಯದು.

ಚಂಡೆಗೆ ಹೆಚ್ಚು ಹೇಳಬೇಕಿಲ್ಲ. 300 ಹರ್ಟ್ಸ್ ಆಸುಪಾಸಿನಿಂದ ಆರಂಭಿಸಿ ಯಕ್ಷಗಾನದ ಹಾಡುಗಾರರಾದ ಭಾಗವತರ ಶ್ರುತಿಗೆ ಹೊಂದಿಸಿ, ಡಿಕೇಯನ್ನು 100 ಮಿಲಿಸೆಕೆಂಡ್ ಒಳಗೆ ಇಡಿ, ಇಲ್ಲವಾದರೆ ಉರುಳಿಕೆ ಕಲಸಿಹೋಗುತ್ತದೆ.

ಮದ್ದಳೆಯನ್ನು ಮಾತ್ರ ಇದರಲ್ಲಿ ಕಟ್ಟಲು ಹೋಗಬೇಡಿ ಎಂಬುದು ನನ್ನ ಸಲಹೆ. ಬಲಮುಖದ ಕರಣೆ (ಕಪ್ಪು ಲೇಪ) ಚರ್ಮದ ನಡುವಿಗೆ ಭಾರ ಕೊಟ್ಟು, ಮೇಲೆ ಹೇಳಿದ ಅಸ್ತವ್ಯಸ್ತ ಅನುಪಾತಗಳನ್ನು 1, 2, 3, 4, 5ರ ಹತ್ತಿರಕ್ಕೆ ಎಳೆದು ತರುತ್ತದೆ. ಮೃದಂಗ, ತಬಲಾಗಳ ಈ ಗುಣವನ್ನು ಸಿ. ವಿ. ರಾಮನ್ 1920ರಲ್ಲಿ ಮತ್ತು ಮತ್ತೆ 1934ರಲ್ಲಿ ವಿವರಿಸಿದ್ದಾರೆ. ಬೆರಳಿನ ಒಂದೊಂದು ಪಾಟಾಕ್ಷರಕ್ಕೂ (ಏಟಿನ ಬೋಲಿಗೂ) ಈ ಐದರ ಪಾಕ ಬದಲಾಗುವಾಗ ಎರಡು ಆಸಿಲೇಟರಿನ ಯಂತ್ರ ಏನು ಮಾಡೀತು? ಅದಕ್ಕೆ ಒಬ್ಬ ಮದ್ದಳೆಗಾರರನ್ನು ಕೂರಿಸಿ ಧ್ವನಿಮುದ್ರಿಸಿಕೊಳ್ಳುವುದೇ ದಾರಿ.

ಕೊನೆಯದಾಗಿ, ಮಲೆನಾಡಿನ ಮಳೆಗಾಲ ಚರ್ಮವನ್ನು ಕೆಡಿಸುವಂತೆ ನಾಬ್‌ಗಳನ್ನೂ ಕೆಡಿಸುತ್ತದೆ. ತಿರುಗಿಸಿದಾಗ ಕರಕರ ಸದ್ದು ಬಂದರೆ ಅದು ತೇವ ಮತ್ತು ದೂಳಿನ ಕೆಲಸ. ಮುಚ್ಚಳವಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಹೋಲಿಸಿ ನೋಡಲು ಡೊಳ್ಳು ಬೇಕಲ್ಲ, ಅದಕ್ಕೆ ಒಂದನ್ನು ಕೆಂಡದ ಬಳಿ ಹದವಾಗಿ ಕಾಯಿಸಿ, ಬಿಗಿ ಇಳಿಯುವ ಮೊದಲು ನಡುವಿನ ಏಟು, ಅಂಚಿನ ಏಟು, ಅಂಗೈ ಏಟುಗಳನ್ನು ಬಿಡಿಬಿಡಿಯಾಗಿ ಮುದ್ರಿಸಿಕೊಳ್ಳಿ. ಫೋನಿನ ಮೈಕ್ ಕೆಳಸ್ವರವನ್ನು ಪೂರ್ತಿ ಹಿಡಿಯದು, ಆದರೂ ಏಟಿನ ಮೊದಲ 50 ಮಿಲಿಸೆಕೆಂಡ್ ಹೇಗಿದೆ ಎಂದು ತಿಳಿಯಲು ಅಷ್ಟು ಸಾಕು.