ಕಡ್ಡಿ ಅರ್ಧ, ತಗಡು ಅರ್ಧ: ಗಾಡಿಯ ಮೇಲೆ ಆಂಟೆನಾ ಎಲ್ಲಿ ಕೂರಿಸಬೇಕು?

ಪ್ರಶ್ನೆ: ಹೋದ ತಿಂಗಳು ನನ್ನ ಕಾರಿಗೆ 25 ವಾಟ್‌ನ ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಸ್ ವರೆಗಿನ ಫ್ರೀಕ್ವೆನ್ಸಿ) ವೈರ್‌ಲೆಸ್ ಸೆಟ್ ಹಾಕಿಸಿದೆ. ಆಂಟೆನಾವನ್ನು ಡಿಕ್ಕಿ ಬಾಗಿಲಿನ ಎಡ ಮೂಲೆಗೆ ಕ್ಲಾಂಪ್ ಹಾಕಿ ಕೂರಿಸಿದ್ದಾರೆ. ಒಂದೇ ಜಾಗದಲ್ಲಿ ನಿಂತು ಮಾತಾಡಿದರೂ, ಕಾರಿನ ಮುಖ ಒಂದು ಕಡೆ ಇದ್ದಾಗ ಸ್ಪಷ್ಟವಾಗಿ ಕೇಳುತ್ತದೆ, ತಿರುಗಿಸಿ ನಿಲ್ಲಿಸಿದರೆ ಬರೀ ಗೊರಗೊರ. ಡಿಕ್ಕಿ ತೆಗೆದು ಹಾಕಿದ ಮೇಲೆ, ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಅಂತ ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರಿನ ಮುಳ್ಳು ಬೇರೆಯೇ ತೋರಿಸುತ್ತದೆ. ಟಾಪ್‌ಗೆ ತೂತು ಕೊರೆಯಲು ಮನೆಯವರು ಒಪ್ಪುತ್ತಿಲ್ಲ. ಬೇರೆಲ್ಲಿ ಹಾಕಲಿ?

ಉತ್ತರ: ಸೆಟ್ ಮೇಲೆ ಅನುಮಾನ ಬೇಡ. ಆಂಟೆನಾವೂ ಬಹುಶಃ ಸರಿಯಾಗಿಯೇ ಇದೆ. ನಿಮ್ಮ ಕಾರಿನ ಆ ಮೂಲೆಯಲ್ಲಿ ಎರಡು ತೊಂದರೆ ಒಟ್ಟಿಗೆ ಸೇರಿಕೊಂಡಿವೆ. ಒಂದು, ಜಾಗದ್ದು. ಇನ್ನೊಂದು, ಅರ್ಥಿಂಗ್‌ನದ್ದು.

ಮೊದಲು ಜಾಗ. ನಾವು ಆಂಟೆನಾ ಅಂತ ಕರೆಯುವ ಆ ಕಡ್ಡಿ ನಿಜವಾಗಿ ಅರ್ಧ ಆಂಟೆನಾ ಮಾತ್ರ. ಉಳಿದ ಅರ್ಧ ಅದರ ಬುಡದ ಸುತ್ತ ಇರುವ ತಗಡು. ಕಡ್ಡಿಯಲ್ಲಿ ಹರಿಯುವಷ್ಟೇ ಕರೆಂಟ್ ತಗಡಿನಲ್ಲೂ ಹರಿದಾಡಬೇಕು. ಅದಕ್ಕೆ ಎಷ್ಟು ತಗಡು ಬೇಕು ಅನ್ನುವ ಲೆಕ್ಕ ಸುಲಭ. 300ನ್ನು ಫ್ರೀಕ್ವೆನ್ಸಿಯ ಮೆಗಾಹರ್ಟ್ಸ್ ಅಂಕಿಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ನಿಮ್ಮ ಸೆಟ್ 146 ಮೆಗಾಹರ್ಟ್ಸ್ ಆಸುಪಾಸಿನದು ಅಂದುಕೊಂಡರೆ, ಅಲೆ ಸುಮಾರು 2 ಮೀಟರ್. ಅದರ ಕಾಲು ಭಾಗ ಹತ್ತಿರ ಹತ್ತಿರ 50 ಸೆಂಟಿಮೀಟರ್. ಕಾಲು ಅಲೆಯ ಕಡ್ಡಿಯ ಉದ್ದವೂ ಅಷ್ಟೇ, ಅದರ ಸುತ್ತ ಎಲ್ಲ ದಿಕ್ಕಿಗೂ ಬೇಕಾದ ತಗಡೂ ಅಷ್ಟೇ. ಅಂದರೆ ಒಂದು ಮೀಟರ್ ಅಗಲದ ತಟ್ಟೆ. ಕಾರಿನಲ್ಲಿ ಅಷ್ಟು ದೊಡ್ಡ, ಸಮತಟ್ಟಾದ, ಎತ್ತರದ ತಟ್ಟೆ ಎಲ್ಲಿದೆ? ಟಾಪ್ ಒಂದೇ.

ಕಡ್ಡಿ ಟಾಪಿನ ನಟ್ಟನಡುವೆ ಇದ್ದರೆ ಸಿಗ್ನಲ್ ನಾಲ್ಕೂ ದಿಕ್ಕಿಗೆ ಹೆಚ್ಚುಕಮ್ಮಿ ಸಮನಾಗಿ ಹೋಗುತ್ತದೆ. ಮೂಲೆಗೆ ತಳ್ಳಿದರೆ ಎಲ್ಲಿ ತಗಡು ಜಾಸ್ತಿಯೋ ಆ ಕಡೆಗೆ ವಾಲುತ್ತದೆ. ನಿಮ್ಮದು ಹಿಂದಿನ ಎಡ ಮೂಲೆ. ಕಾರಿನ ಮೈಯೆಲ್ಲ ಅದರ ಮುಂದೆ, ಬಲಗಡೆಗೆ ಇದೆ. ಹಾಗಾಗಿ ಮುಂದಿನ ಬಲಕ್ಕೆ ಜೋರು, ಹಿಂದಿನ ಎಡಕ್ಕೆ ಸೊರಗು. ಪರೀಕ್ಷೆ ಮಾಡಿ ನೋಡಿ. ಬಯಲಿನಲ್ಲಿ ಕಾರನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಕಷ್ಟಪಟ್ಟು ಕೇಳುವಷ್ಟು ದೂರದಲ್ಲಿ ಒಬ್ಬ ಗೆಳೆಯ ಕೂತು, ಯಾವ ದಿಕ್ಕಿನಲ್ಲಿ ನಿಮ್ಮ ದನಿ ಬಿದ್ದುಹೋಯಿತು ಅಂತ ಬರೆದಿಟ್ಟುಕೊಳ್ಳಲಿ. ಹತ್ತಿರದಲ್ಲಿ ನಿಂತು ಪರೀಕ್ಷೆ ಮಾಡಿದರೆ ಎಲ್ಲ ಚೆನ್ನಾಗಿಯೇ ಕೇಳುತ್ತದೆ, ಸುಮ್ನೆ ಪೆಟ್ರೋಲ್ ದಂಡ.

ಇನ್ನು ಮೀಟರಿನ ಮುಳ್ಳಿನ ಕುಣಿತ. ಡಿಕ್ಕಿ ಬಾಗಿಲು ಕಾರಿನ ಮೈಗೆ, ಅಂದರೆ ಬಾಡಿಗೆ, ಅಂಟಿಕೊಂಡಿರುವುದು ಎರಡು ಕೀಲುಗಳಿಂದ. ಕೀಲಿಗೆ ಪೇಂಟ್, ಅದರ ಮೇಲೆ ಗ್ರೀಸ್. ರೇಡಿಯೊ ಕರೆಂಟ್ ಅದನ್ನು ದಾಟಿಕೊಂಡು ಬಾಡಿಗೆ ಬರಬೇಕು. ಬಾಗಿಲು ತೆಗೆದು ಹಾಕಿದಾಗ ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ಅದರ ಜೊತೆಗೆ ಕ್ಲಾಂಪಿನ ಸಣ್ಣ ಅಲೆನ್ ಸ್ಕ್ರೂಗಳನ್ನೂ ನೋಡಿ. ಅವು ಪೇಂಟನ್ನು ಕಚ್ಚಿ ಒಳಗಿನ ಲೋಹಕ್ಕೆ ಇಳಿದಿರಬೇಕು. ಗೀರು ಬೀಳುತ್ತದೆ ಅಂತ ಕೆಲವರು ಸ್ಕ್ರೂ ಕೆಳಗೆ ರಬ್ಬರ್ ತುಂಡು ಇಟ್ಟುಬಿಡುತ್ತಾರೆ. ನಾನೂ ಒಮ್ಮೆ ಇಟ್ಟಿದ್ದೆ, ಒಪ್ಪಿಕೊಳ್ಳುತ್ತೇನೆ. ಕಾರು ಹೊಸದಿತ್ತು, ಮನಸ್ಸು ಬರಲಿಲ್ಲ. ಎರಡು ವಾರ ಕೇಬಲ್ ಬದಲಿಸಿ, ಕನೆಕ್ಟರ್ ಬದಲಿಸಿ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ತಪ್ಪು ನನ್ನ ಆ ರಬ್ಬರಿನದೇ ಅಂತ.

ಮಲ್ಟಿಮೀಟರ್ ಇದ್ದರೆ ಕ್ಲಾಂಪಿಗೂ ಬಾಡಿಯ ಬರಿಯ ಲೋಹಕ್ಕೂ ನಡುವೆ ಓಮ್ ಅಳೆಯಿರಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಆಮೇಲೆ ಬಾಗಿಲಿಗೂ ಬಾಡಿಗೂ ಚಪ್ಪಟೆ ಹೆಣೆದ ತಾಮ್ರದ ಪಟ್ಟಿಯೊಂದನ್ನು, ಆದಷ್ಟು ಗಿಡ್ಡದ್ದು, ಬೋಲ್ಟ್ ಹಾಕಿ ಬಿಗಿಯಿರಿ. ಇಲ್ಲೊಂದು ಎಚ್ಚರಿಕೆ: ಆಂಟೆನಾದ ನಡುವಿನ ಪಿನ್ನಿಗೂ ಅರ್ಥ್‌ಗೂ ಅಳೆದಾಗ ಶಾರ್ಟ್ ತೋರಿಸಿದರೆ ಗಾಬರಿ ಆಗಬೇಡಿ. ಬುಡದಲ್ಲಿ ಕಾಯಿಲ್ ಇರುವ ಎಷ್ಟೋ ಆಂಟೆನಾಗಳು ಮಲ್ಟಿಮೀಟರಿಗೆ ಹಾಗೆಯೇ ಕಾಣುತ್ತವೆ.

ಇಷ್ಟು ಮಾಡಿದರೆ ಮುಳ್ಳು ನಿಲ್ಲುತ್ತದೆ. ದಿಕ್ಕಿನ ತೊಂದರೆ ಮಾತ್ರ ಹಾಗೇ ಇರುತ್ತದೆ. ಅದಕ್ಕೆ ಜಾಗವನ್ನೇ ಬದಲಿಸಬೇಕು. ತೂತು ಬೇಡ ಅನ್ನುತ್ತೀರಲ್ಲ, ಹಾಗಾದರೆ ಮ್ಯಾಗ್ನೆಟ್ ಮೌಂಟ್ ತಂದು ಟಾಪಿನ ನಡುವೆ ಇಡಿ. ಮ್ಯಾಗ್ನೆಟ್ ಬಾಡಿಗೆ ನೇರವಾಗಿ ತಾಗುವುದಿಲ್ಲ, ನಡುವೆ ಪೇಂಟ್ ಇದೆ, ಹಾಗಾದರೆ ಅರ್ಥ್ ಎಲ್ಲಿಂದ ಅಂತ ನೀವು ಕೇಳಬಹುದು. ಅಗಲವಾದ ಬುಡ, ತೆಳು ಪೇಂಟ್, ಕೆಳಗೆ ತಗಡು. ಇದೇ ಒಂದು ಕೆಪಾಸಿಟರ್ ಆಗುತ್ತದೆ. ವಿಎಚ್‌ಎಫ್‌ನಲ್ಲೂ ಅದಕ್ಕಿಂತ ಮೇಲಿನ ಯುಎಚ್‌ಎಫ್ (450 ಮೆಗಾಹರ್ಟ್ಸ್‌ನಂಥ) ಫ್ರೀಕ್ವೆನ್ಸಿಯಲ್ಲೂ ಕರೆಂಟ್ ಅದರ ಮೂಲಕ ಆರಾಮವಾಗಿ ದಾಟುತ್ತದೆ. ಫ್ರೀಕ್ವೆನ್ಸಿ ಇಳಿದಂತೆ ದಾಟುವುದು ಕಷ್ಟವಾಗುತ್ತದೆ.

ಮ್ಯಾಗ್ನೆಟ್ಟಿಗೂ ಅದರದೇ ಕಾಟಗಳಿವೆ. ಬುಡದ ಕೆಳಗೆ ಧೂಳು ಸೇರಿದರೆ ಪೇಂಟ್ ಉಜ್ಜಿಹೋಗುತ್ತದೆ. ವಾರಕ್ಕೊಮ್ಮೆ ಎತ್ತಿ ಎರಡೂ ಕಡೆ ಒರೆಸಿ. ಎಳೆದು ಸರಿಸಬೇಡಿ, ಒಂದು ಬದಿಯಿಂದ ಓರೆಯಾಗಿ ಎಬ್ಬಿಸಿ. ಕೇಬಲನ್ನು ಬಾಗಿಲಿನ ರಬ್ಬರ್ ಮೆತ್ತಗಿರುವ ಕಡೆ ಒಳಗೆ ತನ್ನಿ. ಬಾಗಿಲು ಹಾಕಿದಾಗ ಅದು ಚಪ್ಪಟೆ ಆಗಬಾರದು. ಒಳಗೆ ಹೋಗುವ ಮುಂಚೆ ಕೇಬಲ್ ಸ್ವಲ್ಪ ಕೆಳಕ್ಕೆ ಜೋತು ಮತ್ತೆ ಮೇಲೇರಬೇಕು. ಇಲ್ಲದಿದ್ದರೆ ಮಳೆನೀರು ಅದನ್ನೇ ಹಿಡಿದು ಸೀಟಿಗೆ ಬರುತ್ತದೆ. ಕಂಪನಿಯೇ ಕೊಟ್ಟ ರೇಡಿಯೊ ಅಥವಾ ಜಿಪಿಎಸ್ ಆಂಟೆನಾ ಟಾಪ್ ಮೇಲಿದ್ದರೆ ಅದರಿಂದ ಅರ್ಧ ಮೀಟರಾದರೂ ದೂರ ಇಡಿ.

ಕಡ್ಡಿ ಯಾವುದು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಅಲೆಯ ಎಂಟನೇ ಐದು ಭಾಗದಷ್ಟು (5/8) ಉದ್ದದ ಕಡ್ಡಿ ತೋರಿಸಿ ಇದಕ್ಕೆ ಗೇನ್, ಅಂದರೆ ಸಿಗ್ನಲನ್ನು ಜೋರಾಗಿ ಕಳಿಸುವ ಶಕ್ತಿ, ಜಾಸ್ತಿ ಅನ್ನುತ್ತಾರೆ. ಸುಳ್ಳಲ್ಲ. ಆದರೆ 146 ಮೆಗಾಹರ್ಟ್ಸ್‌ಗೆ ಅದು ಸುಮಾರು ಒಂದೂಕಾಲು ಮೀಟರ್. ಮ್ಯಾಗ್ನೆಟ್ ಮೇಲೆ ನಿಂತರೆ ಹೈವೇ ಗಾಳಿಗೆ ಹಿಂದಕ್ಕೆ ಬಾಗುತ್ತದೆ, ಮರದ ಕೊಂಬೆಗೆ ಸಿಕ್ಕಿದರೆ ಮ್ಯಾಗ್ನೆಟ್ ಸಮೇತ ಕಿತ್ತುಬರುತ್ತದೆ. ನನ್ನ ಆಯ್ಕೆ ಟಾಪ್ ನಡುವಿನ 50 ಸೆಂಟಿಮೀಟರ್ ಕಡ್ಡಿಯೇ. ಮೂಲೆಯಲ್ಲಿ ನಿಂತ ದುಬಾರಿ ಉದ್ದ ಕಡ್ಡಿಗಿಂತ ನಡುವಿನ ಈ ಗಿಡ್ಡ ಕಡ್ಡಿ ದಿನನಿತ್ಯದ ಕೆಲಸಕ್ಕೆ ವಾಸಿ.

ಮನೆಯವರ ಮನಸ್ಸು ಮುಂದೆ ಬದಲಾದರೆ ಅಂತ ತೂತಿನ ಬಗ್ಗೆಯೂ ಎರಡು ಮಾತು. ಎನ್‌ಎಂಒ ಅನ್ನುವ, ತೂತಿನಲ್ಲಿ ಕೂರಿಸುವ ಮೌಂಟಿಗೆ ಬೇಕಾಗುವುದು 19 ಮಿಲಿಮೀಟರ್ ತೂತು. ಕೆಲಸ ಅಚ್ಚುಕಟ್ಟಾಗಿದ್ದರೆ ನೀರೂ ಬರುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ. ಕೊರೆಯುವ ಮುಂಚೆ ಒಳಗಿನ ಮೇಲ್ಹೊದಿಕೆ ಇಳಿಸಿ ನೋಡಲೇಬೇಕು. ಟಾಪಿನ ಕೆಳಗೆ ಅಡ್ಡಪಟ್ಟಿಗಳಿರುತ್ತವೆ, ದೀಪದ ವೈರ್ ಇರುತ್ತದೆ, ಎರಡೂ ಬದಿಗೆ ಕರ್ಟನ್ ಏರ್‌ಬ್ಯಾಗ್ ಇರಬಹುದು. ಆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಯಲ್ಲಿ ಕೇಬಲ್ ಹಾಯಿಸಿದರೆ ಅಪಘಾತದ ಹೊತ್ತಿಗೆ ಅದು ಸರಿಯಾಗಿ ತೆರೆಯದೆ ಹೋಗಬಹುದು. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಗಾಡಿಗಳಲ್ಲಿ ತಯಾರಕರ ಕೈಪಿಡಿ ನೋಡದೆ ಎಲ್ಲೂ ಡ್ರಿಲ್ ಇಡಬೇಡಿ. ಎಷ್ಟೋ ಕೈಪಿಡಿಗಳಲ್ಲಿ ವೈರ್‌ಲೆಸ್ ಆಂಟೆನಾ ಎಲ್ಲಿ ಹಾಕಬಹುದು ಅಂತಲೇ ಬರೆದಿರುತ್ತದೆ, ಯಾರೂ ಓದುವುದಿಲ್ಲ ಅಷ್ಟೇ.

ಬಾನೆಟ್ಟಿನ ಅಂಚು ಎರಡನೇ ದರ್ಜೆಯ ಜಾಗ. ಇಂಜಿನ್ನಿನ ಕಿರಿಕಿರಿ ಸದ್ದು ಸೆಟ್ಟಿಗೆ ನುಗ್ಗಬಹುದು. ಕಡ್ಡಿ ಕಣ್ಣಿಗೆ ಅಡ್ಡ ಬರದ ಹಾಗೆ ನೋಡಿಕೊಳ್ಳಬೇಕು. ಬಂಪರ್ ಅಂತೂ ವಿಎಚ್‌ಎಫ್‌ಗೆ ಬೇಡವೇ ಬೇಡ. ಸಿಗ್ನಲ್ಲಿಗೆ ಇಡೀ ಗಾಡಿಯೇ ಅಡ್ಡಗೋಡೆ, ಮೇಲಾಗಿ ಹಿಂದೆ ನಿಂತವರ ಮೈಗೆ ಕಡ್ಡಿ ತೀರಾ ಹತ್ತಿರ. ಟಾಪ್ ಮೇಲಿದ್ದರೆ ಒಳಗೆ ಕೂತವರಿಗೂ ಕಡ್ಡಿಗೂ ನಡುವೆ ತಗಡಿನ ಮರೆ ಇರುತ್ತದೆ. ಎಲ್ಲೇ ಇರಲಿ, ಯಾರಾದರೂ ಕಡ್ಡಿ ಮುಟ್ಟಿಕೊಂಡು ನಿಂತಿದ್ದರೆ ಮೈಕಿನ ಮಾತಾಡುವ ಬಟನ್ (ಪಿಟಿಟಿ) ಒತ್ತಬೇಡಿ. ಟಾಪ್ ಮೇಲಿನ ಲಗೇಜ್ ಕ್ಯಾರಿಯರ್‌ಗೆ ಕಟ್ಟುವ ಆಸೆಯೂ ಹಲವರಿಗೆ. ಕ್ಯಾರಿಯರ್ ಕಾಲಿಗೆ ಪ್ಲಾಸ್ಟಿಕ್, ಮೈಗೆ ಪೌಡರ್ ಕೋಟಿಂಗ್. ನೋಡಲು ಲೋಹ, ಕಾರಿನ ಬಾಡಿಯೊಂದಿಗೆ ಮಾತ್ರ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ.

ಮೀಟರ್ ಬಗ್ಗೆ ಒಂದು ಮಾತು ಹೇಳದೆ ಹೋದರೆ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಆಗುವುದಿಲ್ಲ. ಎಸ್‌ಡಬ್ಲ್ಯೂಆರ್ 1.5 ಇದ್ದರೆ ಸುಮಾರು 4% ಪವರ್ ವಾಪಸ್ ಬರುತ್ತದೆ, 2 ಇದ್ದರೆ 11%, 3 ಇದ್ದರೆ 25%. ಹಾಗಾಗಿ 1.5ನ್ನು 1.1ಕ್ಕೆ ಇಳಿಸಲು ರಾತ್ರಿಯೆಲ್ಲ ಒದ್ದಾಡಬೇಡಿ, ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನೊಂದು, ಮೀಟರ್ ಚೆನ್ನಾಗಿ ತೋರಿಸಿದ ಮಾತ್ರಕ್ಕೆ ಜಾಗ ಚೆನ್ನಾಗಿದೆ ಅಂತಲ್ಲ. ಪರೀಕ್ಷೆಗೆ ಆಂಟೆನಾ ಬದಲು ಹಾಕುವ, ಪವರನ್ನೆಲ್ಲ ಶಾಖ ಮಾಡಿಬಿಡುವ ಡಮ್ಮಿ ಲೋಡ್ ಕೂಡ 1.0 ತೋರಿಸುತ್ತದೆ, ಅದರಿಂದ ಪಕ್ಕದ ಬೀದಿಗೂ ಮಾತು ಹೋಗುವುದಿಲ್ಲ ಅಲ್ವಾ? ಕೇಬಲ್ ಉದ್ದ ಇದ್ದಷ್ಟೂ ಮೀಟರ್ ಒಳ್ಳೆಯದನ್ನೇ ಹೇಳುತ್ತದೆ, ಯಾಕೆಂದರೆ ವಾಪಸ್ ಬರುವ ಪವರನ್ನು ಕೇಬಲ್ಲೇ ತಿಂದಿರುತ್ತದೆ. ತೆಳ್ಳನೆಯ ಆರ್‌ಜಿ-58 ಕೇಬಲ್ 5 ಮೀಟರ್ ಇದ್ದರೆ ವಿಎಚ್‌ಎಫ್‌ನಲ್ಲಿ ಸುಮಾರು ಐದನೇ ಒಂದು ಭಾಗ ಪವರ್ ದಾರಿಯಲ್ಲೇ ಹೋಗುತ್ತದೆ. 450 ಮೆಗಾಹರ್ಟ್ಸ್‌ನಲ್ಲಾದರೆ ಮೂರನೇ ಒಂದು ಭಾಗ. ಮಿಕ್ಕ ಕೇಬಲನ್ನು ಸೀಟಿನಡಿ ಸುರುಳಿ ಸುತ್ತಿಡುವ ಬದಲು, ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ.

ಪ್ರಶ್ನೆ: ನನ್ನ ಕಾರಿನ ಟಾಪ್ ಪೂರ್ತಿ ಗಾಜು. ನಾನು ಏನು ಮಾಡಲಿ?

ಉತ್ತರ: ಗಾಜಿನ ಹಿಂದೆ, ಡಿಕ್ಕಿಗೆ ಹೊಂದಿಕೊಂಡು ಒಂದು ತಗಡಿನ ಪಟ್ಟಿ ಇದೆಯೇ ನೋಡಿ. ಸಣ್ಣ ಮ್ಯಾಗ್ನೆಟ್ ಹಿಡಿದು ಪರೀಕ್ಷಿಸಿ. ಅಲ್ಯೂಮಿನಿಯಂ ಅಥವಾ ಫೈಬರ್ ಆದರೆ ಅಂಟುವುದೇ ಇಲ್ಲ. ಇಂಥ ಗಾಡಿಗಳಿಗೆ ಅರ್ಧ ಅಲೆಯ ಆಂಟೆನಾ ತರುವುದೇ ಸರಿ. ವಿಎಚ್‌ಎಫ್‌ಗೆ ಅದು ಸುಮಾರು 1 ಮೀಟರ್ ಇರುತ್ತದೆ. ಬುಡದ ತಗಡನ್ನು ಅದು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ, ಬಾನೆಟ್ ಅಂಚಿನಲ್ಲೂ ಕೆಲಸ ಮಾಡುತ್ತದೆ. ಯುಎಚ್‌ಎಫ್ ಸೆಟ್ ಆದರೆ ನಿಮ್ಮ ಅದೃಷ್ಟ. 450 ಮೆಗಾಹರ್ಟ್ಸ್‌ಗೆ ಕಾಲು ಅಲೆ ಸುಮಾರು 17 ಸೆಂಟಿಮೀಟರ್ ಅಷ್ಟೇ, ಆ ಸಣ್ಣ ಪಟ್ಟಿಯೇ ಬಹುಮಟ್ಟಿಗೆ ಸಾಕು. ಗಾಜಿಗೆ ಅಂಟಿಸುವ ಆಂಟೆನಾ ಮಾತ್ರ ಯೋಚಿಸಿ ತಗೊಳ್ಳಿ. ಗಾಜಿನಲ್ಲಿ ಬಿಸಿಲು ತಡೆಯುವ ಲೋಹದ ಲೇಪ ಇದ್ದರೆ ಸಿಗ್ನಲ್ ಅದನ್ನು ದಾಟುವುದಿಲ್ಲ.

ಪ್ರಶ್ನೆ: ಲಾರಿಯ ಕನ್ನಡಿ ಸ್ಟ್ಯಾಂಡಿಗೆ 27 ಮೆಗಾಹರ್ಟ್ಸ್ ಸಿಬಿ (ಸಿಟಿಜನ್ಸ್ ಬ್ಯಾಂಡ್, ಜನಸಾಮಾನ್ಯರ ವೈರ್‌ಲೆಸ್) ಆಂಟೆನಾ ಕಟ್ಟಿದ್ದೇನೆ. ಎಸ್‌ಡಬ್ಲ್ಯೂಆರ್ 3ಕ್ಕಿಂತ ಕೆಳಗೆ ಇಳಿಯುತ್ತಿಲ್ಲ.

ಉತ್ತರ: 27 ಮೆಗಾಹರ್ಟ್ಸ್‌ನಲ್ಲಿ ಅಲೆ 11 ಮೀಟರ್, ಅದರ ಕಾಲು ಭಾಗ ಎರಡೂಮುಕ್ಕಾಲು ಮೀಟರ್. ಕ್ಯಾಬಿನ್ನಿನ ಯಾವ ಭಾಗವೂ ಅಷ್ಟು ದೊಡ್ಡ ತಟ್ಟೆ ಆಗಲಾರದು. ಇಲ್ಲಿ ಇಡೀ ಗಾಡಿ ಸೇರಿಯೇ ಉಳಿದ ಅರ್ಧ ಆಂಟೆನಾ ಆಗಬೇಕು. ಕನ್ನಡಿ ಸ್ಟ್ಯಾಂಡ್ ಬಾಗಿಲಿಗೆ, ಬಾಗಿಲು ಕೀಲಿಗೆ. ಮತ್ತದೇ ಗ್ರೀಸಿನ ಕಥೆ. ಸ್ಟ್ಯಾಂಡಿನಿಂದ ಬಾಗಿಲಿಗೆ, ಬಾಗಿಲಿನಿಂದ ಕ್ಯಾಬಿನ್‌ಗೆ, ಕ್ಯಾಬಿನ್‌ನಿಂದ ಚಾಸಿಗೆ ಅಗಲವಾದ ತಾಮ್ರದ ಪಟ್ಟಿ ಹಾಕಿ. ಪಟ್ಟಿ ಕೂರುವ ಕಡೆ ಪೇಂಟ್ ಕೆರೆದು, ಬಿಗಿದ ಮೇಲೆ ತುಕ್ಕು ಹಿಡಿಯದ ಹಾಗೆ ಮೇಲಿಂದ ಪೇಂಟ್ ಬಳಿಯಿರಿ. ಕ್ಯಾಬಿನ್ ಫೈಬರಿನದಾದರೆ ಪಟ್ಟಿಯನ್ನು ನೇರ ಚಾಸಿಗೇ ಎಳೆಯಬೇಕು. ಕಡ್ಡಿಯ ಕಾಯಿಲ್ ಇರುವ ಭಾಗ ಕ್ಯಾಬಿನ್ ಟಾಪಿಗಿಂತ ಮೇಲಿರಲಿ.

ಆಮೇಲೆ ಎಲ್ಲ ಬಾಗಿಲು ಹಾಕಿ, ಬಯಲಿನಲ್ಲಿ ನಿಲ್ಲಿಸಿ, ಚಾನೆಲ್ 1 ಮತ್ತು 40ರಲ್ಲಿ ಅಳೆಯಿರಿ. 40ರಲ್ಲಿ ಜಾಸ್ತಿ ಬಂದರೆ ಕಡ್ಡಿ ಉದ್ದವಾಗಿದೆ, ತುದಿಯ ಸ್ಕ್ರೂ ಸ್ವಲ್ಪ ಒಳಗೆ ತಿರುಗಿಸಿ. 1ರಲ್ಲಿ ಜಾಸ್ತಿ ಬಂದರೆ ಗಿಡ್ಡವಾಗಿದೆ, ಹೊರಗೆ ತಿರುಗಿಸಿ. ಎಲ್ಲ ಚಾನೆಲ್‌ನಲ್ಲೂ ಒಂದೇ ಸಮ 3 ಬರುತ್ತಿದ್ದರೆ ಕಡ್ಡಿಗೆ ಕೈ ಹಾಕಬೇಡಿ, ಪಟ್ಟಿಗಳನ್ನೂ ಕನೆಕ್ಟರನ್ನೂ ಇನ್ನೊಮ್ಮೆ ನೋಡಿ.